ಭಯದ ಕೆಳಗೆ ಹಾಸಿದ ಹಾಸಿಗೆ

ಜುಲೈ 2

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಬಂತು. ಅದನ್ನು ಕಾಗದ ಅನ್ನಬೇಕೋ ಚೀಟಿ ಅನ್ನಬೇಕೋ ತಿಳಿಯಲಿಲ್ಲ. ಇದ್ದದ್ದು ಮೂರು ಸಾಲು, ಅದರಲ್ಲಿ ಎರಡು ಕಡೆ "ನಾನು ಚೆನ್ನಾಗಿದ್ದೇನೆ." ಚೆನ್ನಾಗಿರುವವರು ಒಂದು ಸಲ ಬರೆದು ಮುಂದಿನ ಮಾತಿಗೆ ಹೋಗುತ್ತಾರೆ ಕಣೇ. ಎರಡು ಸಲ ಬರೆಯುವವರು ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ.

ನಿನ್ನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು, ನಿನ್ನ ಜೊತೆ ಚಾಪೆ ಮೇಲೆ ಕೂತು ಅಕ್ಷರ ಕಲಿತವಳು ನಾನು. ಬರೆಯುವುದು ಇವತ್ತಿಗೂ ಕೋಳಿ ಕೆದಕಿದ ಹಾಗೆ. ಓದುವುದರಲ್ಲಿ ಮಾತ್ರ ಯಾರೂ ನನ್ನನ್ನು ಯಾಮಾರಿಸಲಾರರು. ಹತ್ತಿ ಹಿಂಜುವ ಮಿಷನ್ನಿನ ಪಕ್ಕ ಅಷ್ಟು ವರ್ಷ ಕೂತು ಕಿವಿ ಹೋಗಿದೆಯೇ ಹೊರತು ಕಣ್ಣು ಹೋಗಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನುತ್ತಿಲ್ಲ, ಅಷ್ಟೇ ತಾನೇ? ಮುಖ್ಯೋಪಾಧ್ಯಾಯಿನಿ ಆದಮೇಲೆ ಒಲೆ ಹಚ್ಚುವುದು ಮರ್ಯಾದೆಗೆ ಕಡಿಮೆ ಅಂದುಕೊಂಡೆಯೋ? ಅಥವಾ ಆ ಬಾಡಿಗೆ ಮನೆಯವಳು ಮತ್ತೆ ಕಿರಿಕಿರಿ ಮಾಡುತ್ತಿದ್ದಾಳೋ? ಹಾಗಿದ್ದರೆ ಬರಿ. ನಾನು ಬಂದು ಎರಡು ಮಾತು ಆಡಿ ಬರುತ್ತೇನೆ. ಅವಳು ತಿರುಗಿ ಏನು ಅಂದರೂ ನನಗೆ ಕೇಳಿಸುವುದಿಲ್ಲ, ಅದೇ ಲಾಭ.

ಹೊಸ ದಿಂಬು ಹೊಲಿದಿಟ್ಟಿದ್ದೇನೆ.

ದೊಡ್ಡಮ್ಮ


ಜುಲೈ 8

ದೊಡ್ಡಮ್ಮನಿಗೆ ನಮಸ್ಕಾರ.

ಹೊಟ್ಟೆಗೆ ತಿನ್ನುತ್ತಿದ್ದೇನೆ. ಮನೆಯೊಡತಿ ಪಾಪ, ಒಳ್ಳೆಯವಳು. ಸಂಗತಿ ಬೇರೆ. ಬರೆಯಬಾರದು ಅಂದುಕೊಂಡಿದ್ದೆ. ಬರೆದರೆ ನಿಜವಾಗಿಬಿಡುತ್ತದೆ ಅನ್ನುವ ಹೆದರಿಕೆ.

ನಮ್ಮ ಶಾಲೆಗೆ ಎರಡು ಅಂತಸ್ತು. ಮೇಲಿನ ಕೊನೆಯ ಕೋಣೆ ಏಳನೇ ಕ್ಲಾಸಿನದು. ಅಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಿವಿ ದೊಡ್ಡದು, ಸದ್ದಾದರೆ ಬೆಚ್ಚುತ್ತಾಳೆ, ಅದಕ್ಕೇ ಎಲ್ಲರೂ ಅವಳನ್ನು ಮೊಲ ಅಂತ ಕರೆಯುತ್ತಾರೆ. ಕರೆದರೆ ಅವಳೂ ಓಗೊಡುತ್ತಾಳೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಗಣಿತದ ಮೇಷ್ಟ್ರು ಪಾಠ ಮಾಡುತ್ತಿದ್ದಾಗ ಇವಳು ಎದ್ದು ನಿಂತು, "ಸಾರ್, ಮೇಲೆ ಯಾರೋ ಹಲ್ಲು ಕಡೀತಿದಾರೆ" ಅಂದಳಂತೆ.

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು, "ನಿನ್ನ ಲೆಕ್ಕ ನೋಡಿದ್ರೆ ನಾನೇ ಹಲ್ಲು ಕಡೀತೀನಿ, ಕೂತ್ಕೋ" ಅಂದರು. ಮತ್ತೆ ನಗು. ಆದರೆ ಮರುದಿನ ಮತ್ತೊಬ್ಬಳಿಗೆ ಕೇಳಿಸಿತು. ಅದರ ಮರುದಿನ ಒಬ್ಬಳು ಎಚ್ಚರ ತಪ್ಪಿ ಬೆಂಚಿನ ಮೇಲೇ ಒರಗಿದಳು, ಕೈಕಾಲು ತಣ್ಣಗಾಗಿತ್ತು. ಅವಳನ್ನು ನೋಡಿ ಇನ್ನಿಬ್ಬರು. ಇಲಿ ಅಂದದ್ದು ಹುಲಿ ಆಗಲು ಎಷ್ಟು ಹೊತ್ತು? ಈಗ ಮೇಲೆ ಕೂದಲು ಬಿಟ್ಟುಕೊಂಡ ಹೆಂಗಸು ಇದ್ದಾಳೆ, ಸತ್ತುಹೋದ ಹಳೆಯ ಮೇಷ್ಟ್ರು ಇದ್ದಾರೆ, ಮಗು ಅಳುತ್ತದೆ. ಮೆಟ್ಟಿಲು ಹತ್ತಲು ಮಕ್ಕಳು ಒಪ್ಪುತ್ತಿಲ್ಲ. ಬೆಳಿಗ್ಗೆ ಗೇಟಿನಲ್ಲಿ ತಾಯಂದಿರು ಮಕ್ಕಳ ಕೈ ಬಿಡುವುದಿಲ್ಲ. ನಮ್ಮ ಜವಾನನೇ ಮೇಲೆ ಗುಡಿಸಲು ಹೋಗುವಾಗ ಜೋರಾಗಿ ಹಾಡು ಹೇಳಿಕೊಂಡು ಹೋಗುತ್ತಾನೆ.

ಶಾಲಾ ಕಮಿಟಿಯ ಅಧ್ಯಕ್ಷರು ಬಂದಿದ್ದರು. ದೊಡ್ಡ ಮನುಷ್ಯರು. ಈ ಬೇಸಿಗೆ ರಜೆಯಲ್ಲಿ ಮಾಳಿಗೆಯ ಮೇಲೆ ತಮ್ಮ ಖರ್ಚಿನಲ್ಲೇ ನೀರಿನ ಟ್ಯಾಂಕು ಕಟ್ಟಿಸಿಕೊಟ್ಟವರು; ರಸ್ತೆಯಿಂದ ಕಾಣುವಂತೆ ಅದರ ಮೇಲೆ ಅವರ ಹೆಸರು ಇದೆ, ಶಾಲೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. "ಮೇಡಂ, ಮುಳ್ಳು ಸಣ್ಣದಿರುವಾಗಲೇ ಕಿತ್ತುಬಿಡಬೇಕು. ಶುರು ಮಾಡಿದ್ದು ಯಾರು? ಅವಳಿಗೆ ಟಿ.ಸಿ. ಕೊಟ್ಟು ಕಳಿಸಿ" ಅಂದರು. ತಿಂಗಳ ಕೊನೆಗೆ ಕಮಿಟಿ ಸಭೆ. ಅಷ್ಟರೊಳಗೆ ನಾನು ಶಾಲೆಯನ್ನು ಸರಿಮಾಡದಿದ್ದರೆ ಅವಳ ಟಿ.ಸಿ.ಗೆ ಸಹಿ ಹಾಕುವುದು ನನ್ನ ಕೈ.

ಮೊಲಕ್ಕೆ ಅಪ್ಪ ಅಮ್ಮ ಇಲ್ಲ. ಅಕ್ಕ ಇದ್ದಾಳೆ, ಚಪ್ಪಲಿ ಕಾರ್ಖಾನೆಯಲ್ಲಿ ಅಂಟು ಹಚ್ಚುವವಳು. ಟಿ.ಸಿ. ಕೈಗೆ ಬಂದರೆ ಇವಳೂ ನಾಳೆಯಿಂದ ಅಲ್ಲೇ, ಅಂಟಿನ ಡಬ್ಬದ ಮುಂದೆ. ಬೇರೆ ಶಾಲೆ ಇವಳನ್ನು ತೆಗೆದುಕೊಳ್ಳುವುದಿಲ್ಲ. "ದೆವ್ವದ ಹುಡುಗಿ" ಅನ್ನುವ ಹೆಸರು ಟಿ.ಸಿ.ಗಿಂತ ಮೊದಲೇ ಊರು ಸುತ್ತಿದೆ.

ಶಾಲೆ ಬಿಟ್ಟಮೇಲೆ ನಾನೊಬ್ಬಳೇ ಮೇಲೆ ಹೋಗಿ ನಿಂತೆ. ಏನೂ ಕೇಳಿಸಲಿಲ್ಲ. ಆದರೂ ಇಳಿಯುವಾಗ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದೆ. ನಾನು ಮುಖ್ಯೋಪಾಧ್ಯಾಯಿನಿ ಅಂತ ಕುರ್ಚಿಗೆ ಗೊತ್ತು, ಕಾಲಿಗೆ ಯಾರೂ ಹೇಳಿಲ್ಲ.

ಏನು ಮಾಡಲಿ?

ನಿನ್ನ ಪುಟ್ಟಿ


ಜುಲೈ 14

ಪುಟ್ಟಿ,

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯಿತು ನಿಮ್ಮ ಅಧ್ಯಕ್ಷರ ಮಾತು. ಹುಡುಗಿ ಹೋದರೆ ಭಯ ಹೋಗುತ್ತದೆಯೇ? ಭಯ ಅವಳ ಬ್ಯಾಗಿನಲ್ಲಿ ಇದೆಯೇ? ಸಹಿ ಹಾಕಬೇಡ.

ನಿನಗೆ ಅಟ್ಟದ ನೆನಪಿದೆಯೋ? ನಿನ್ನಮ್ಮ ಹೋದ ವರ್ಷ ನೀನು ನಮ್ಮ ಮನೆಗೆ ಬಂದೆ. ಅಟ್ಟ ಇದ್ದ ಕೋಣೆಯಲ್ಲಿ ಮಲಗುವುದಿಲ್ಲ ಅಂತ ಹಟ. "ಅಟ್ಟ ಮಾತಾಡತ್ತೆ ದೊಡ್ಡಮ್ಮ" ಅನ್ನುತ್ತಿದ್ದೆ. ನಿನ್ನ ದೊಡ್ಡಪ್ಪ ಗದರಿದರು, ಪುಸಲಾಯಿಸಿದರು, ಏನೂ ನಡೆಯಲಿಲ್ಲ. ಆಗ ನಾನೇನು ಮಾಡಿದೆ? ನನ್ನ ಹಾಸಿಗೆ ಎತ್ತಿಕೊಂಡು ಹೋಗಿ ಅಟ್ಟದ ನೇರ ಕೆಳಗೇ ಹಾಸಿದೆ. ಮಲಗಿ ಗೊರಕೆ ಹೊಡೆದೆ. ಮೊದಲ ದಿನ ನೀನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಕಾಲ ಹತ್ತಿರ ಬಂದು ಕೂತೆ. ಆಮೇಲೆ ಒಂದು ದಿನ ನನ್ನ ಹೊದಿಕೆಯೆಲ್ಲ ನಿನ್ನ ಮೇಲಿತ್ತು, ನಾನು ಚಳಿಯಲ್ಲಿ ನಡುಗುತ್ತಿದ್ದೆ.

ಅಷ್ಟೇ ಕಣೇ. ಭಯದ ಜೊತೆ ವಾದ ಮಾಡಬಾರದು. ಅದರ ಕೆಳಗೆ ಹೋಗಿ ಹಾಸಿಗೆ ಹಾಸಬೇಕು. ನೀನು ಕೆಳಗೆ ಆಫೀಸಿನಲ್ಲಿ ಕೂತು "ಮೇಲೆ ಏನೂ ಇಲ್ಲ, ಹೋಗಿ" ಅಂದರೆ ಮಕ್ಕಳು ಯಾಕೆ ನಂಬಬೇಕು? ನಿನ್ನ ಮೇಜು ಕುರ್ಚಿ ಆ ಕೋಣೆಗೇ ಹೊರಿಸು. ಅಲ್ಲೇ ಕೂತು ಕೆಲಸ ಮಾಡು. ಆ ಮೊಲವನ್ನು ಬೇರೆ ಎಲ್ಲೂ ಬಿಡಬೇಡ, ನಿನ್ನ ಪಕ್ಕದಲ್ಲೇ ಕೂರಿಸಿಕೋ.

ಗೊರಕೆ ಮಾತ್ರ ಹೊಡೆಯಬೇಡ, ಸರ್ಕಾರಿ ಸಂಬಳ.

ದೊಡ್ಡಮ್ಮ


ಜುಲೈ 20

ದೊಡ್ಡಮ್ಮ,

ನಿನ್ನ ಹಾಸಿಗೆ ಗೆದ್ದಿತು!

ಕಾಗದ ಬಂದ ದಿನವೇ ಮೇಜು ಮೇಲೆ ಹೋಯಿತು. ಹೊತ್ತವರು ಜವಾನ ಮತ್ತು ಗಣಿತದ ಮೇಷ್ಟ್ರು. ಮೇಜಿನ ಭಾರಕ್ಕಿಂತ ಅವರ ಗೊಣಗಾಟವೇ ಭಾರ. "ಮೇಡಂ, ದೆವ್ವಕ್ಕೂ ಒಂದು ಸ್ಟೂಲು ತರ್ಲಾ?" ಅಂದ ಜವಾನ. ಮೇಜು ಇಳಿಸಿ ಹೋದವನು ಮತ್ತೆ ಮೇಲೆ ಬಂದಿಲ್ಲ. ಸಹಿ ಬೇಕಾದರೆ ಕೆಳಗಿನಿಂದ ಕೂಗುತ್ತಾನೆ. ಕೆಳಗಿನ ಆಫೀಸಿಗೆ ಬೀಗ ಹಾಕಿದ್ದೇನೆ.

ಮೊದಲ ದಿನ ಆ ಕೋಣೆಯಲ್ಲಿ ನಾನು ಮತ್ತು ಮೊಲ, ಇಬ್ಬರೇ. ನೀನು ಬರೆದ ಹಾಗೇ ಮಕ್ಕಳು ಬಾಗಿಲಲ್ಲಿ ಬಂದು ನಿಂತರು. ನಾನು ತಲೆ ಎತ್ತದೆ ಬರೆಯುತ್ತಿದ್ದೆ. ಮರುದಿನ ಧೈರ್ಯವಂತರು ನಾಲ್ಕು ಜನ ಒಳಗೆ ಬಂದು ಕೂತರು, ಬೆನ್ನು ಬಾಗಿಲ ಕಡೆ, ಓಡಲು ಅನುಕೂಲವಾಗಿ. ಈಗ ಅರ್ಧ ಕ್ಲಾಸು ಬಂದಿದೆ. ಯಾರೂ ಒರಗಿಲ್ಲ. ಸೋಮವಾರದಿಂದ ಪೂರ್ತಿ ಕ್ಲಾಸು ಮತ್ತೆ ಅಲ್ಲೇ.

ಅಧ್ಯಕ್ಷರು ಬಂದು ನೋಡಿ, "ಭೇಷ್ ಮೇಡಂ, ಗಂಡಸರಿಗೂ ಇಷ್ಟು ಗುಂಡಿಗೆ ಇಲ್ಲ" ಅಂದರು. ಟಿ.ಸಿ. ಮಾತನ್ನು ಬಿಡಲು ಒಪ್ಪಿದ್ದಾರೆ. ಒಂದೇ ಒಂದು ಷರತ್ತು. ಮಂಗಳವಾರ ಅವರೇ ಬರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ಮೊಲ ನಿಂತು, "ನಾನು ಸುಳ್ಳು ಹೇಳಿದೆ" ಅನ್ನಬೇಕು. ಅಷ್ಟೇ. ಒಂದು ಮಾತು. ಆ ಒಂದು ಮಾತಿಗೆ ಅವಳ ಓದು ಉಳಿಯುತ್ತದೆ. ನಾನು ಅವಳಿಗೆ ಹೇಳಿದೆ. ಅವಳು ಪುಸ್ತಕದ ಹಾಳೆ ತಿರುವಿದಳು. ನನ್ನ ಪಕ್ಕದಲ್ಲಿ ಕೂತು ಪುಸ್ತಕ ತೆರೆದಿರುತ್ತಾಳೆ, ಕಣ್ಣು ಮಾತ್ರ ಸೂರಿನ ಮೇಲೆ. ಮಧ್ಯಾಹ್ನ ಪಂಪು ಹಾಕಿ ಟ್ಯಾಂಕು ತುಂಬಿಸಿದ ಮೇಲಂತೂ ಉಸಿರೂ ಬಿಡುವುದಿಲ್ಲ. ಮಕ್ಕಳ ಮನಸ್ಸು ಸರಿಹೋಗಲು ಹೊತ್ತು ಬೇಕು, ಅಲ್ಲವೇ?

ಇಲ್ಲಿನ ಬೇರೆ ತಾಪತ್ರಯ ಅಂದರೆ ಬಾಗಿಲು. ಚಿಲಕ ಕೂರುವುದಿಲ್ಲ. ಬಡಗಿ ಬಂದು ಉಜ್ಜಿ ಹೋದ, ಎರಡೇ ದಿನಕ್ಕೆ ಮತ್ತೆ ಕಚ್ಚಿಕೊಂಡಿತು. ಮತ್ತೆ ಬಿಳಿ ಧೂಳು. ಬೆಳಿಗ್ಗೆ ಮೇಜು ಒರೆಸಿದರೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಪಾರಿವಾಳದ ಕೆಲಸ ಅನ್ನುತ್ತಾನೆ ಜವಾನ. ಚಹದ ಲೋಟಕ್ಕೆ ತಟ್ಟೆ ಮುಚ್ಚಿಕೊಂಡು ಕುಡಿಯುತ್ತಿದ್ದೇನೆ.

ಎಷ್ಟೋ ದಿನದ ಮೇಲೆ ನಿನ್ನೆ ಕಣ್ಣು ತುಂಬ ನಿದ್ದೆ ಮಾಡಿದೆ.

ಪುಟ್ಟಿ


ಜುಲೈ 24
(ತಂತಿ)

ಮಕ್ಕಳನ್ನು ಕೆಳಗಿಳಿಸು. ಮೇಜು ಬಿಡು. ಮೊದಲು ಮೇಲೆ ಹತ್ತಿ ನೋಡಿಸು. ದೊಡ್ಡಮ್ಮ.


ಜುಲೈ 24

ಪುಟ್ಟಿ,

ತಂತಿ ಸಿಕ್ಕಿರುತ್ತದೆ. ಈ ಕಾಗದ ಅದರ ಹಿಂದೆ ಓಡಿಬರುತ್ತಿದೆ. ತಂತಿ ಆಫೀಸಿನ ಹುಡುಗ ನನ್ನ ಕಿವಿಗೆ ಬಾಯಿಟ್ಟು, "ಅಜ್ಜಿ, ಇದೇನು ಕಥೆ? ಇನ್ನೊಂದೆರಡು ಮಾತು ಸೇರಿಸಿ, ಅರ್ಥ ಆಗ್ಲಿ" ಅಂದ. ಹಾಗೇ ಕಳಿಸಪ್ಪ ಅಂತ ದುಡ್ಡು ಎಣಿಸಿಟ್ಟೆ.

ಅಟ್ಟದ ಕಥೆಯಲ್ಲಿ ಒಂದು ತುಂಡು ಬಿಟ್ಟಿದ್ದೆ ಕಣೇ. ಬೇಕು ಅಂತ ಅಲ್ಲ. ಎಷ್ಟೋ ಸಲ ಹೇಳಿ ಹೇಳಿ, ಚೆನ್ನಾಗಿ ಕೇಳಿಸುವ ಹಾಗೆ ಸವೆಸಿಬಿಟ್ಟಿದ್ದೇನೆ ಆ ಕಥೆಯನ್ನು. ಹಾಸಿಗೆ ಹಾಸಿದೆ, ಗೊರಕೆ ಹೊಡೆದೆ, ನೀನು ಬಂದೆ. ಜನ ನಗುತ್ತಾರೆ. ಆದರೆ ಹಾಸಿಗೆ ಹಾಸುವ ಮೊದಲು ಏಣಿ ಹಾಕಿ ನಾನು ಅಟ್ಟ ಹತ್ತಿದ್ದೆ. ಕಾಳಿನ ಡಬ್ಬಗಳ ಭಾರಕ್ಕೆ ನಡುವಿನ ಹಲಗೆ ಬಾಗಿತ್ತು. ಒಳಗೆ ಗೆದ್ದಲು. ಅದು ಮಾತಾಡುತ್ತಿತ್ತು ನಿಜ. ಡಬ್ಬ ಇಳಿಸಿ, ಹಲಗೆ ಬದಲಿಸಿ, ಕೆಳಗೆ ಕಂಬ ಕೊಟ್ಟು, ಆಮೇಲೆ ನಾನು ಹಾಸಿಗೆ ಹಾಸಿದ್ದು. ಡಬ್ಬ ಇಳಿಸುವಾಗ ಅಟ್ಟದ ಕೆಳಗೆಲ್ಲ ಪುಡಿ ಬಿದ್ದಿತ್ತು, ಹಿಟ್ಟು ಚೆಲ್ಲಿದ ಹಾಗೆ.

ನಿನ್ನ ಕಾಗದದಲ್ಲಿ ಧೂಳು ಅಂತ ಓದಿದಾಗ ಆ ಪುಡಿ ಕಣ್ಣಿಗೆ ಕಟ್ಟಿತು. ಚಹದ ಲೋಟಕ್ಕೆ ತಟ್ಟೆ ಮುಚ್ಚಿದೆ ಅಂತೀಯಲ್ಲೇ, ನಿನ್ನ ತಲೆಗೆ ಏನು ಮುಚ್ಚಿದ್ದೀಯೆ?

ಇರಬಹುದು, ಇಲ್ಲದೇ ಇರಬಹುದು. ನಾನು ಹಾಸಿಗೆ ಹೊಲಿಯುವವಳು, ಕಟ್ಟಡದ ವಿಷಯ ನನಗೇನು ಗೊತ್ತು. ಪಾರಿವಾಳವೇ ಇರಲಿ. ಆದರೆ ಇನ್ನೊಂದು ಯೋಚನೆ ಬಂತು. ಉಳಿದವರ ಕಥೆ ದಿನಕ್ಕೊಂದು ಬಣ್ಣ. ಇವತ್ತು ಹೆಂಗಸು, ನಾಳೆ ಮಗು. ಆ ಹುಡುಗಿ ಮಾತ್ರ ಹಲ್ಲು ಕಡಿಯುವ ಸದ್ದು ಅಂದವಳು ಮತ್ತೆ ಏನೂ ಸೇರಿಸಿಲ್ಲ. ಸುಳ್ಳು ಬೆಳೆಯುತ್ತದೆ ಪುಟ್ಟಿ. ಇದು ಬೆಳೆದಿಲ್ಲ.

ಅವಳ ಬಾಯಲ್ಲಿ ಸುಳ್ಳು ಅಂತ ಹೇಳಿಸಬೇಡ. ನನ್ನ ಮಾತು ಕೇಳಿ ಅಲ್ಲಿ ಕೂತವಳು ನೀನು. ನನ್ನ ಮಾತು ಕೇಳಿ ಎದ್ದು ಬಾ.

ದೊಡ್ಡಮ್ಮ


ಜುಲೈ 30

ಪುಟ್ಟಿ,

ತಂತಿಗೆ ಉತ್ತರ ಇಲ್ಲ. ಕಾಗದಕ್ಕೆ ಉತ್ತರ ಇಲ್ಲ. ಕೋಪ ಬಂದಿದೆಯೇ? ಎಲ್ಲರ ಮುಂದೆ ಗೆದ್ದ ಹೊತ್ತಿಗೆ ಈ ಮುದುಕಿ ಅಡ್ಡ ಬಾಯಿ ಹಾಕಿದಳು ಅಂತ ಮುನಿಸೇ? ಮುನಿಸಿದ್ದರೆ ಬೈದು ಬರಿ. ನಿನ್ನ ಬೈಗುಳವೂ ನನಗೆ ಓದಲು ಬರುತ್ತದೆ.

ಅಂಚೆಯವನು ಬೀದಿ ತಿರುವಿನಲ್ಲಿ ಕಂಡರೆ ಸಾಕು, ನಾನು ಬಾಗಿಲಿಗೆ ಬಂದಿರುತ್ತೇನೆ. ಅವನೀಗ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಅಂತ. ಹಾಸಿಗೆಯ ಅಂಗಡಿಯವನು ಕೊಟ್ಟ ಬಟ್ಟೆಗೆ ಅಡ್ಡಕ್ಕೆ ಕತ್ತರಿ ಹಾಕಿ ಹಾಳು ಮಾಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ದೊಡ್ಡಮ್ಮ


ಆಗಸ್ಟ್ 2

ಪುಟ್ಟಿ,

ಪಕ್ಕದ ಮನೆಯವಳು ಪೇಪರ್ ಹಿಡಿದು ಬಂದಳು. ನನ್ನ ಮುಖ ನೋಡಿ ಅದನ್ನು ಸೆರಗಿನೊಳಗೆ ಹಾಕಿಕೊಂಡಳು. ಏನು ಅಂದೆ. ಬಾಯಿ ಆಡಿಸಿದಳು. ನನಗೆ ಕೇಳಿಸಲಿಲ್ಲ. ಎರಡನೇ ಸಲ ಕೇಳುವ ಧೈರ್ಯ ಆಗಲಿಲ್ಲ. ನನ್ನ ಕಿವುಡನ್ನು ನಾನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೇ ಮೊದಲು.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ. ಬರೆಯಲು ಆಗದಿದ್ದರೆ ಒಂದು ಗೆರೆ ಎಳೆದು ಕಳಿಸು ಕಣೇ. ಬರೀ ಒಂದು ಗೆರೆ. ನಿನ್ನ ಗೆರೆ ನನಗೆ ಗುರುತು ಸಿಗುತ್ತದೆ.


ಜುಲೈ 31
(ತಡವಾಗಿ ತಲುಪಿದ್ದು)

ದೊಡ್ಡಮ್ಮ,

ಅಕ್ಷರ ನೋಡಿ ಹೆದರಬೇಡ. ಕೈ ನನ್ನದಲ್ಲ, ಮಾತು ನನ್ನದೇ. ಬಲಗೈಗೆ ಹೆಗಲಿನವರೆಗೆ ಪಟ್ಟಿ ಹಾಕಿದ್ದಾರೆ. ಆಸ್ಪತ್ರೆಯಲ್ಲಿದ್ದೇನೆ. ಎರಡು ದಿನ ನನಗೇ ನನ್ನ ಅರಿವಿರಲಿಲ್ಲ. ಮಕ್ಕಳು ಎಲ್ಲರೂ ಇದ್ದಾರೆ. ಎಲ್ಲರೂ, ದೊಡ್ಡಮ್ಮ. ಯಾರಿಗೂ ಒಂದು ಗೀರೂ ಇಲ್ಲ. ಇದನ್ನು ಮೊದಲು ಬರೆ ಅಂತ ಬರೆಸಿದ್ದೇನೆ.

ಆ ಮಂಗಳವಾರ ಅಧ್ಯಕ್ಷರು ಬರುವುದು ತಡವಾಯಿತು. ಅವರಿಗಾಗಿ ಪ್ರಾರ್ಥನೆಯನ್ನು ಮಧ್ಯಾಹ್ನದ ಊಟದ ಬಿಡುವಾದ ಮೇಲೆ ಇಟ್ಟೆವು. ಇಡೀ ಶಾಲೆ ಮೈದಾನದಲ್ಲಿ. ಅವರಿಗೆ ಕುರ್ಚಿ, ಪಕ್ಕದಲ್ಲಿ ನಾನು. ಮೊಲವನ್ನು ಕಟ್ಟೆಯ ಮೇಲೆ ಹತ್ತಿಸಿದೆ. ನಾನೇ ಹತ್ತಿಸಿದೆ, ಭುಜ ಹಿಡಿದು. ಅವಳ ಭುಜ ತೆಳ್ಳಗೆ, ಕೈಯಲ್ಲಿ ಇಟ್ಟ ಬಳಪದ ಹಾಗಿತ್ತು.

ಆಗ ತಾನೇ ಪಂಪು ನಿಂತಿತ್ತು. ಅವಳು ಬಾಯಿ ತೆರೆದಳು, ಮಕ್ಕಳನ್ನು ನೋಡಲಿಲ್ಲ, ಮೇಲಂತಸ್ತಿನ ಕಡೆ ನೋಡಿದಳು. "ನಾನು ಸುಳ್ಳು..." ಅಂದವಳು ನಿಂತಳು. ಆಮೇಲೆ, "ಇವತ್ತು ಇಲ್ಲಿಗೂ ಕೇಳಿಸ್ತಿದೆ ಮೇಡಂ" ಅಂದಳು.

ಮಕ್ಕಳಲ್ಲಿ ಗುಜುಗುಜು. ಅಧ್ಯಕ್ಷರು ಎದ್ದು ನಿಂತು, "ನೋಡಿದ್ರಾ ಮೇಡಂ, ನಾಯಿ ಬಾಲ!" ಅಂದರು. "ಎಲ್ಲಾ ಮಕ್ಕಳೂ ಕ್ಲಾಸಿಗೆ ನಡೀರಿ. ಇವಳ ಟಿ.ಸಿ. ಬರೀರಿ, ನಾನು ನಿಂತಿರ್ತೀನಿ."

ನಾನು ಬರೆಯಲು ಹೊರಟಿದ್ದೆ. ಮುಚ್ಚಿಡುವುದಿಲ್ಲ, ಹೆಜ್ಜೆ ಎತ್ತಿದ್ದೆ. ಆದರೆ ಅವಳು ಅಳುತ್ತಿರಲಿಲ್ಲ. ಸುಳ್ಳು ಸಿಕ್ಕಿಬಿದ್ದ ಮಗು ನನ್ನ ಮುಖ ನೋಡುತ್ತದೆ. ಇಷ್ಟು ವರ್ಷದಲ್ಲಿ ಎಷ್ಟು ಮಕ್ಕಳನ್ನು ನೋಡಿಲ್ಲ ನಾನು. ಇವಳು ಇನ್ನೂ ಮೇಲೆಯೇ ನೋಡುತ್ತಿದ್ದಳು. ಒಂದೂವರೆ ತಿಂಗಳಿನಿಂದ ಎಲ್ಲರೂ ಅವಳನ್ನು "ಯಾಕೆ ಹೇಳಿದೆ" ಅಂತ ಕೇಳಿದ್ದೆವು. ನಾನು ಮೊದಲ ಸಲ, "ಹೇಗೆ ಕೇಳಿಸ್ತಿದೆ?" ಅಂತ ಕೇಳಿದೆ.

"ಪಂಪು ನಿಂತ ಮೇಲೆ ಶುರು ಆಗತ್ತೆ ಮೇಡಂ. ನೀರು ಖಾಲಿ ಆಗ್ತಾ ಆಗ್ತಾ ಸುಮ್ಮನಾಗತ್ತೆ. ಬೆಳಿಗ್ಗೆ ಯಾವತ್ತೂ ಇಲ್ಲ."

ಶಾಲೆ ಬಿಟ್ಟಮೇಲೆ ನಾನೊಬ್ಬಳೇ ಹೋಗಿ ನಿಂತಾಗ ಯಾಕೆ ಕೇಳಿಸಲಿಲ್ಲ ಅಂತ ಆಗ ಹೊಳೆಯಿತು. ಅಷ್ಟು ಹೊತ್ತಿಗೆ ಟ್ಯಾಂಕು ಬರಿದಾಗಿರುತ್ತದೆ.

"ಯಾರೂ ಒಳಗೆ ಹೋಗಕೂಡದು. ಮೈದಾನದಲ್ಲೇ ಕೂತ್ಕೊಳ್ಳಿ" ಅಂದೆ. ಅಧ್ಯಕ್ಷರು, "ನನ್ನ ಮಾತಿನ ಮೇಲೆ ಮಾತಾ?" ಅಂದರು. ನಾನು ಹೇಳಿದೆ: "ಶಾಲೆ ನಿಮ್ಮದು ಸಾರ್. ಮಕ್ಕಳು ನನ್ನ ಲೆಕ್ಕದಲ್ಲಿದ್ದಾರೆ."

ಒಬ್ಬಳೇ ಹೋಗಿ ಮಾಳಿಗೆಯ ಏಣಿ ಹತ್ತಿದೆ. ಟ್ಯಾಂಕಿನ ಬುಡದ ಸುತ್ತ ಸೀಳು ಬಿಟ್ಟಿತ್ತು, ನನ್ನ ಬೆರಳು ಹೋಗುವಷ್ಟು. ನೀರು ಒಳಗೊಳಗೇ ಇಳಿಯುತ್ತಿತ್ತು. ಸದ್ದು ನನಗೂ ಕೇಳಿಸಿತು, ಅಂಗಾಲಿನಲ್ಲಿ. ಹಲ್ಲು ಕಡಿಯುವ ಸದ್ದೇ ದೊಡ್ಡಮ್ಮ. ಬೇರೆ ಯಾವ ಮಾತೂ ಅದಕ್ಕೆ ಒಪ್ಪುವುದಿಲ್ಲ. ಇಳಿದು ಮೆಟ್ಟಿಲ ಅರ್ಧಕ್ಕೆ ಬಂದಿದ್ದೆ. ಆಮೇಲೆ ಬಿಳಿ ಧೂಳು. ಅಷ್ಟೇ ನೆನಪು.

ಟ್ಯಾಂಕು ಸೂರು ಮುರಿದುಕೊಂಡು ಬಿತ್ತಂತೆ; ಆ ಕೋಣೆ ಇಲ್ಲ. ಮೇಜು ಇಲ್ಲ. ಟಿ.ಸಿ. ಪುಸ್ತಕ ಆ ಮೇಜಿನ ಖಾನೆಯಲ್ಲೇ ಇತ್ತು, ಕಲ್ಲಿನ ಕೆಳಗೇ ಇರಲಿ.

ನಿನ್ನ ತಂತಿ ಇವತ್ತು ನೋಡಿದೆ. ಅದು ಆ ಮಂಗಳವಾರಕ್ಕೆ ಮೊದಲೇ ಬಂದಿತ್ತು. ಜವಾನ ಅದನ್ನು ಹಿಡಿದುಕೊಂಡು ಮೆಟ್ಟಿಲ ಬುಡದವರೆಗೆ ಬಂದನಂತೆ. ಮೇಲೆ ಹತ್ತಲು ಹೆದರಿ, ಬೀಗ ಹಾಕಿದ ಆಫೀಸಿನ ಬಾಗಿಲ ಕೆಳಗಿನಿಂದ ಒಳಗೆ ತಳ್ಳಿದ. "ಬಾಗಿಲ ಮೇಲೆ ನಿಮ್ಮ ಬೋರ್ಡೇ ಇತ್ತಲ್ಲ ಮೇಡಂ" ಅಂತ ಮಂಚದ ಕಾಲು ಹಿಡಿದುಕೊಂಡು ಅತ್ತ. ನಾನು ಅವನನ್ನು ಏನೂ ಅನ್ನಲಿಲ್ಲ. ಹೆದರಿದವನು ಅವನೊಬ್ಬನೇ ಅಲ್ಲ.

ಅಧ್ಯಕ್ಷರು ಈಗ, ಮೇಜು ಎಳೆದಾಡಿ ಗೋಡೆ ಅಲುಗಿಸಿದ್ದು ನಾನೇ ಅನ್ನುತ್ತಿದ್ದಾರಂತೆ. ವಿಚಾರಣೆ ಇದೆ. ನನ್ನ ಕುರ್ಚಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಉಳಿದರೂ ಹೋದರೂ ಒಂದು ಸಲ ಆ ಕಟ್ಟೆಯ ಮೇಲೆ ಹತ್ತಿ, ಎಲ್ಲ ಮಕ್ಕಳ ಮುಂದೆ ಒಂದು ಮಾತು ಹೇಳಬೇಕಾಗಿದೆ. ಅದನ್ನು ನಾನು ಬೇರೊಬ್ಬಳಿಂದ ಹೇಳಿಸಲು ಹೊರಟಿದ್ದೆ.

ನೀನು ಬರಬೇಡ, ಬಸ್ಸಿನ ಕುಲುಕಾಟ ನಿನಗಾಗುವುದಿಲ್ಲ. ಬಂದರೆ ದಿಂಬು ತಾ.

ನಿನ್ನ ಪುಟ್ಟಿ

ದೊಡ್ಡಮ್ಮ ಅವರಿಗೆ ನಮಸ್ಕಾರ. ಈ ಕೆಳಗಿನದು ನನ್ನದೇ ಮಾತು. ಬರೆದುಕೊಟ್ಟಿದ್ದು ನಾನು, ಏಳನೇ ಕ್ಲಾಸು. ದಿನಾ ಸಂಜೆ ಅಕ್ಕನ ಜೊತೆ ಬರುತ್ತೇನೆ. ಮೇಡಂ ಒಂದು ವಿಷಯ ನಿಮಗೆ ಬರೆಸಲಿಲ್ಲ. ಅವರು ಇಲ್ಲಿ ನಿದ್ದೆ ಮಾಡುವುದಿಲ್ಲ, ಸೂರನ್ನೇ ನೋಡುತ್ತಾ ಇರುತ್ತಾರೆ. ನಾನು ಹೊರಡುವ ಮೊದಲು, "ಸ್ವಲ್ಪ ಕೇಳಿ ಹೇಳೇ" ಅನ್ನುತ್ತಾರೆ. ನಾನು ಗೋಡೆಗೆ ಕಿವಿ ಇಟ್ಟು, ನಾಲ್ಕೂ ಕಡೆ ಸರಿಯಾಗಿ ಕೇಳುತ್ತೇನೆ. "ಏನೂ ಇಲ್ಲ ಮೇಡಂ" ಅನ್ನುತ್ತೇನೆ. ಆಮೇಲೆ ಅವರು ಕಣ್ಣು ಮುಚ್ಚುತ್ತಾರೆ.